ಮರ ನೋಡಿಕೊಳ್ಳುವುದನ್ನು ಇಲ್ಲೇ ಕಲಿಸಿ, ಕಲಿತವರಿಗೆ ಹುದ್ದೆಯನ್ನೂ ಕೊಡಿ

ಇವರಿಗೆ,
ಮಾನ್ಯ ಕುಲಪತಿಗಳು,
ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ರಾಯಚೂರು.

ಪ್ರತಿ: ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ.

ವಿಷಯ: ಊರೊಳಗಿನ ಮರಗಳ ಆರೈಕೆ ಕಲಿಸುವ ಒಂದು ವರ್ಷದ ಕೋರ್ಸ್, ಅದನ್ನು ಮುಗಿಸಿದವರಿಗೆ ನಗರಾಡಳಿತದಲ್ಲಿ ಹುದ್ದೆ.

ಮಾನ್ಯರೇ,

ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಸಿಇಟಿ ಫಲಿತಾಂಶ ಬಂದ ದಿನದಿಂದ ಆಪ್ಷನ್ ಎಂಟ್ರಿ ಮುಗಿಯುವ ತನಕ ನನ್ನ ಫೋನಿಗೆ ಬಿಡುವಿರುವುದಿಲ್ಲ. ಯಾವ ಕಾಲೇಜು ಒಳ್ಳೆಯದು, ಹಾಸ್ಟೆಲ್ ಇದೆಯಾ, ಕೃಷಿಕ ಕೋಟಾಕ್ಕೆ ಏನೇನು ದಾಖಲೆ ಬೇಕು, ಹೀಗೆ. ಇವಕ್ಕೆಲ್ಲ ಉತ್ತರ ಹೇಳುವುದು ರೂಢಿಯಾಗಿದೆ. ಒಂದು ಪ್ರಶ್ನೆಗೆ ಮಾತ್ರ ನೆಟ್ಟಗಿನ ಉತ್ತರ ನನ್ನ ಹತ್ತಿರ ಇಲ್ಲ. "ಊರಾಗಿನ ಗಿಡ ನೋಡಿಕೊಳ್ಳೋದನ್ನ ಓದಬೇಕು ಮೇಡಂ, ಎಲ್ಲಿಗೆ ಹೋಗಲಿ?" ಕೇಳುವವರು ಜಾಸ್ತಿ ಜನ ಇಲ್ಲ. ಆದರೆ ಇದ್ದಾರೆ, ಮತ್ತು ಅವರು ಸುಮ್ನೆ ಕೇಳುವ ಮಕ್ಕಳಲ್ಲ.

ಈಗ ನಾನು ಹೇಳುವುದು ಇಷ್ಟು. ಬಿಎಸ್ಸಿ ಅರಣ್ಯಶಾಸ್ತ್ರ ಬೇಕಾದರೆ ಶಿರಸಿ ಇದೆ, ಪೊನ್ನಂಪೇಟೆ ಇದೆ. ಮೊದಲನೆಯದು ಧಾರವಾಡ ಕೃಷಿ ವಿ.ವಿ.ಗೆ ಸೇರಿದ್ದು, ಎರಡನೆಯದು ಶಿವಮೊಗ್ಗದ ವಿ.ವಿ.ಗೆ. ಮನೆಗೆ ಹತ್ತಿರ ಇರಬೇಕು ಅಂದರೆ ಮುನಿರಾಬಾದಿನ ತೋಟಗಾರಿಕೆ ಕಾಲೇಜು. ಇಲ್ಲವೇ ತಮ್ಮಲ್ಲೇ ಬಿಎಸ್ಸಿ ಕೃಷಿ. ಇವೆಲ್ಲ ನಾಲ್ಕು ವರ್ಷದ ಓದು, ಸಿಇಟಿ ಮೂಲಕವೇ ಸೀಟು. ಅಷ್ಟು ರ‍್ಯಾಂಕ್ ಬರಲಿಲ್ಲ ಅಂದರೆ ಊರಿನ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ. ಎಲ್ಲವೂ ಒಳ್ಳೆಯ ಓದೇ. ಆದರೆ ಅರಣ್ಯಶಾಸ್ತ್ರದ ಕಣ್ಣು ಕಾಡು, ನೆಡುತೋಪು, ಮರಮಟ್ಟಿನ ಮೇಲೆ. ತೋಟಗಾರಿಕೆಯ ಕಣ್ಣು ಹಣ್ಣು, ತರಕಾರಿ, ಹೂವಿನ ಮೇಲೆ. ಕೃಷಿ ಪದವಿಯಲ್ಲಿ ಅರಣ್ಯಶಾಸ್ತ್ರದ ಪರಿಚಯಕ್ಕೆ ಸಿಗುವುದು ಒಂದು ಸಣ್ಣ ಪೇಪರು. ರಸ್ತೆ ಬದಿಯ ಒಂದು ಬೇವನ್ನೇ ತಗೊಳ್ಳಿ. ತಲೆಯ ಮೇಲೆ ಕರೆಂಟ್ ತಂತಿ, ಬುಡದಲ್ಲಿ ಚರಂಡಿ, ಒಂದು ಪಕ್ಕ ಚಹಾದಂಗಡಿ, ಇನ್ನೊಂದು ಪಕ್ಕ ಆಟೋ ಸ್ಟ್ಯಾಂಡ್. ಆ ಮರ ಯಾರ ಮೇಲೂ ಬೀಳದೆ ಇನ್ನೂ ಐವತ್ತು ವರ್ಷ ನಿಲ್ಲಬೇಕಾದರೆ ಏನು ಮಾಡಬೇಕು ಅನ್ನೋದು ಈ ಯಾವ ಪದವಿಯಲ್ಲೂ ಮುಖ್ಯ ಪಾಠ ಅಲ್ಲ.

ಬೇರೆ ದೇಶಗಳಲ್ಲಿ ಇದು ಪ್ರತ್ಯೇಕ ಕಸುಬು, ಪ್ರತ್ಯೇಕ ಓದು. ಅರ್ಬನ್ ಫಾರೆಸ್ಟ್ರಿ, ಅಂದರೆ ಊರ ಮರಗಳ ಶಾಸ್ತ್ರ, ಅನ್ನೋ ವಿಷಯಕ್ಕೆ ಆ ಹೆಸರು ಬಿದ್ದದ್ದು 1960ರ ದಶಕದಲ್ಲಿ, ಕೆನಡಾದ ಟೊರಾಂಟೊ ವಿ.ವಿ.ಯಲ್ಲಿ. ಅದೇ ದೇಶದ ಬ್ರಿಟಿಷ್ ಕೊಲಂಬಿಯಾ ವಿ.ವಿ. 2015ರಲ್ಲಿ ಇದಕ್ಕೆಂದೇ ಪದವಿ ಶುರು ಮಾಡಿತು. ಓದಿನ ಜೊತೆ ಪರೀಕ್ಷೆಯೂ ಇದೆ. 1924ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್ ಎಂಬ ಸಂಸ್ಥೆ ಮರ ಆರೈಕೆ ಮಾಡುವವರಿಗೆ ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ಕೂರಬೇಕಾದರೆ ಮೂರು ವರ್ಷ ಮರದ ಕೆಲಸ ಮಾಡಿರಬೇಕು, ಇಲ್ಲವೇ ಸಂಬಂಧಪಟ್ಟ ಪದವಿ ಇದ್ದು ಅದಕ್ಕಿಂತ ಕಡಿಮೆ ಅನುಭವ ಇದ್ದರೂ ನಡೆಯುತ್ತದೆ. ಒಳ್ಳೆಯದೇ. ಆದರೆ ಸಿಂಧನೂರಿನ ಒಬ್ಬ ರೈತನ ಮಗನಿಗೆ "ಹೋಗು, ಆ ಪರೀಕ್ಷೆ ಬರಿ" ಅಂತ ನಾನು ಹೇಳಲಾರೆ. ಮೂರು ವರ್ಷ ಮರದ ಕೆಲಸ ಅವನಿಗೆ ಇಲ್ಲಿ ಯಾರು ಕೊಡುತ್ತಾರೆ?

ಶಿರಸಿಗೇ ಕಳಿಸಿದರೆ ಆಗಲ್ವಾ ಅಂತ ಕೇಳಬಹುದು. ಕಳಿಸುತ್ತೇವೆ, ಮಕ್ಕಳು ಹೋಗುತ್ತಿದ್ದಾರೆ. ಆದರೆ ಅಲ್ಲಿ ಬೀಳುವ ಮಳೆ ನಮ್ಮದರ ನಾಲ್ಕು ಪಟ್ಟಿನಷ್ಟು. ನಮ್ಮಲ್ಲಿ ವರ್ಷಕ್ಕೆ 500ರಿಂದ 650 ಮಿ.ಮೀ. ಆದರೆ ಅದೇ ದೊಡ್ಡದು. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮಣ್ಣಂತೂ ಬೇರೆಯೇ. ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಆಗ ಸಣ್ಣ ಬೇರು ಹರಿಯುತ್ತವೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬೇರಿಗೆ ಗಾಳಿ ಇಲ್ಲದಂತಾಗುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ಜಮೀನಿನಲ್ಲಿ ನೀರು ನಿಲ್ಲುವುದೇ ಇಲ್ಲ. ಗಂಗಾವತಿ, ಸಿಂಧನೂರು ಕಡೆ ಕಾಲುವೆ ಬಂದ ಮೇಲೆ ಸವಳು-ಜವಳು (ಉಪ್ಪೇರಿ, ನೀರು ನಿಂತು ಕೆಟ್ಟ ನೆಲ) ಬೇರೆ. ಈ ಮೂರೂ ಕಡೆ ಒಂದೇ ಜಾತಿಯ ಸಸಿ, ಒಂದೇ ಅಳತೆಯ ಗುಂಡಿ, ಒಂದೇ ದಿನ ನೆಟ್ಟು ಫೋಟೊ ತೆಗೆಸಿಕೊಂಡರೆ ಏನಾಗುತ್ತದೆ ಅನ್ನೋದನ್ನು ತಮ್ಮ ಮಣ್ಣು ವಿಜ್ಞಾನ ವಿಭಾಗದವರಿಗೆ ನಾನು ಹೇಳಬೇಕಾಗಿಲ್ಲ.

ಯಾವ ಮರ ಅನ್ನೋದೂ ಇಲ್ಲಿಯದೇ ಪ್ರಶ್ನೆ. ಕಮರ ಅನ್ನೋ ಮರ ನಮ್ಮ ಒಣಭೂಮಿಯದು. ಬೇರು ಆಳಕ್ಕಿಳಿಯುತ್ತದೆ, ಬರ ತಡೆಯುತ್ತದೆ. ಅದನ್ನು ಬೀದಿಯಲ್ಲಿ ನೆಟ್ಟದ್ದು ನೋಡಿದ್ದೀರಾ? ನಾನು ನೋಡಿಲ್ಲ. ಬದಲಿಗೆ ಬೇಗ ಹಸಿರಾಗುತ್ತದೆ ಅಂತ ಕೋನೋಕಾರ್ಪಸ್ ಎಂಬ ಹೊರಗಿನ ಗಿಡ ಸಾಲು ಸಾಲು ಬಂತು. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇರೆ ಕಡೆಯಿಂದ ತಂದ ಗಿಡದ ಕತೆ ನಮಗೆ ಗೊತ್ತಿಲ್ಲದ್ದಲ್ಲ. ಅಮೆರಿಕ ಖಂಡದಿಂದ ಬಂದ ಜಾಲಿಗೆ ನಮ್ಮ ಊರಿನ ಹೆಸರೇ ಅಂಟಿಕೊಂಡು ಬಳ್ಳಾರಿ ಜಾಲಿ ಆಗಿದೆ. ಅದು ಹಿಡಿದ ಗೋಮಾಳ, ಹಳ್ಳದ ದಂಡೆ ಬಿಡಿಸುವುದು ಎಷ್ಟು ಕಷ್ಟ ಅಂತ ಯಾವ ಕುರಿಗಾಹಿಯನ್ನು ಕೇಳಿದರೂ ಹೇಳುತ್ತಾನೆ.

ಇನ್ನು ಕೊಂಬೆ ಕತ್ತರಿಸುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಗಿಡ ಕಡಿಯೋದು ಕಲಿಯಾಕ ಕಾಲೇಜು ಯಾಕ್ರಿ ಮೇಡಂ?" ಅಂತ ಕೇಳುವ ಅಪ್ಪಂದಿರಿಗೆ ನಾನು ತೋರಿಸುವುದು ಇದನ್ನೇ.

ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆ ತೆಗೆಯಲು ಆಳು ಬರುತ್ತಾರೆ. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಮಚ್ಚು ಇಲ್ಲವೇ ಕೊಡಲಿ. ತಲೆಗೆ ಹೆಲ್ಮೆಟ್ ಇಲ್ಲ, ಸೊಂಟಕ್ಕೆ ಹಗ್ಗ ಇಲ್ಲ. ಕೈಗೆಟುಕಿದ ಕಡೆ ಒಂದೇಟು. ಕೊಂಬೆ ತನ್ನ ಭಾರಕ್ಕೆ ಮುರಿದು ಬೀಳುವಾಗ ಕೆಳಗಿನ ತೊಗಟೆಯನ್ನು ಕಾಂಡದ ತನಕ ಸೀಳಿಕೊಂಡು ಬರುತ್ತದೆ. ಉಳಿದದ್ದು ಮೊಳದುದ್ದದ ಮೋಟು. ಎರಡು ವರ್ಷ ಬಿಟ್ಟು ಅದೇ ಮರದ ಕೆಳಗೆ ನಿಂತು ನೋಡಿ. ಮೋಟು ಒಣಗಿ, ಒಳಗೆ ಪುಡಿಯಾಗಿ, ಟೊಳ್ಳು ಕಾಂಡದೊಳಕ್ಕೆ ಇಳಿದಿರುತ್ತದೆ. ಮೋಟಿನ ಸುತ್ತ ಹತ್ತಾರು ಚಿಗುರು ನೆಟ್ಟಗೆ ಮೇಲೆದ್ದಿರುತ್ತವೆ. ನೋಡಿದವರು "ಚೆನ್ನಾಗಿ ಚಿಗುರಿದೆ" ಅನ್ನುತ್ತಾರೆ. ಆದರೆ ಆ ಚಿಗುರು ಹೊರಗಿನ ಪದರಕ್ಕೆ ಅಂಟಿಕೊಂಡಿರುತ್ತದೆ ಅಷ್ಟೇ, ಒಳಗಿನ ಕಟ್ಟಿಗೆಯಿಂದ ಬಂದದ್ದಲ್ಲ. ತೋಳಿನ ದಪ್ಪ ಆಗುವ ಹೊತ್ತಿಗೆ ಒಂದು ಜೋರು ಗಾಳಿ ಸಾಕು, ಬುಡಸಮೇತ ಕಿತ್ತು ಬರುತ್ತದೆ. ತಂತಿ ಉಳಿಸಲು ಕಡಿದದ್ದು ಕೊನೆಗೆ ತಂತಿಯ ಮೇಲೇ ಬೀಳುತ್ತದೆ.

ಸರಿಯಾದ ಕ್ರಮ ಕಷ್ಟದ್ದಲ್ಲ. ಕೊಂಬೆ ಕಾಂಡಕ್ಕೆ ಸೇರುವ ಜಾಗದಲ್ಲಿ ಉಂಗುರದ ಥರ ಒಂದು ಉಬ್ಬು ಇರುತ್ತದೆ. ಬೇವಿನಲ್ಲಿ ಕೈಯಾಡಿಸಿದರೆ ತಿಳಿಯುತ್ತದೆ. ಮರ ತನ್ನ ಗಾಯವನ್ನು ಮುಚ್ಚಿಕೊಳ್ಳುವುದು ಆ ಉಬ್ಬಿನಿಂದ. ಅದಕ್ಕೆ ಗರಗಸ ತಾಗಬಾರದು, ಅದರಿಂದ ದೂರವೂ ನಿಲ್ಲಬಾರದು. ಮೊದಲ ಕೊಯ್ತ ಕಾಂಡದಿಂದ ಒಂದಡಿ ಆಚೆ, ಕೊಂಬೆಯ ಕೆಳಗಿನಿಂದ, ಮೂರನೇ ಒಂದು ಭಾಗದಷ್ಟು. ಎರಡನೆಯದು ಅದಕ್ಕಿಂತ ಇನ್ನಷ್ಟು ಆಚೆ, ಮೇಲಿನಿಂದ. ಆಗ ಕೊಂಬೆ ತೊಗಟೆ ಸೀಳದೆ ಬೀಳುತ್ತದೆ. ಭಾರ ಇಳಿದ ಮೇಲೆ ಮೂರನೆಯ ಕೊಯ್ತ, ಉಬ್ಬಿನ ಅಂಚಿಗೆ. ಅಷ್ಟೇ. ಒಂದೆರಡು ಮಳೆಗಾಲ ಕಳೆದರೆ ಗಾಯದ ಸುತ್ತ ಹೊಸ ತೊಗಟೆ ಬಳೆ ಕಟ್ಟಿ ಒಳಮುಖವಾಗಿ ಬರುತ್ತಿರುತ್ತದೆ. ಗಾಯಕ್ಕೆ ಡಾಂಬರು ಬಳಿಯುವ ರೂಢಿ ನಮ್ಮಲ್ಲಿದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೀಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಚೈನ್ ಸಾದಿಂದ ಉದ್ದುದ್ದ ಸೀಳಿ ಒಳಗೆ ಏನಾಗಿದೆ ಅಂತ ನೋಡಿದರು. ಹೊರಗಿನಿಂದ ಏನು ಬಳಿದರೂ ಒಳಗಿನ ಕೊಳೆತ ನಿಲ್ಲುವುದಿಲ್ಲ, ಮರ ತಾನೇ ಒಳಗೆ ಗೋಡೆ ಕಟ್ಟಿಕೊಂಡು ಕೊಳೆತವನ್ನು ಒಂದು ಕಡೆ ಕಟ್ಟಿಹಾಕುತ್ತದೆ ಅಂತ 1970ರ ದಶಕದಲ್ಲೇ ತೋರಿಸಿದರು. ನಮ್ಮ ಕೆಲಸ ಆ ಗೋಡೆ ಒಡೆಯದಂತೆ ಕೊಯ್ಯುವುದು.

ಇದಕ್ಕೆ ಪದವಿಯೇನೂ ಬೇಡ, ನಿಜ. ಆದರೆ ಯಾರಾದರೂ ಕಲಿಸಬೇಕು, ಅಲ್ವಾ?

ಬೇರಿನ ವಿಷಯದಲ್ಲಿ ಗತಿ ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ಕಾಣುವುದಿಲ್ಲ. ನರ್ಸರಿಯ ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಜಾಸ್ತಿ ದಿನ ಉಳಿದ ಸಸಿಯನ್ನು ಬಿಚ್ಚಿ ನೋಡಿ. ಬೇರು ಸಿಂಬೆ ಸುತ್ತಿದ ಹಾಗೆ ತಳದಲ್ಲಿ ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸದೆ, ಕತ್ತರಿಸದೆ ಹಾಗೇ ಗುಂಡಿಗೆ ಇಳಿಸಿದರೆ ಮರ ದೊಡ್ಡದಾದರೂ ಬೇರು ಸುತ್ತಿಕೊಂಡೇ ಇರುತ್ತದೆ, ಕೊನೆಗೆ ತನ್ನ ಕಾಂಡವನ್ನೇ ಬಿಗಿಯುತ್ತದೆ. ಹತ್ತು ಹದಿನೈದು ವರ್ಷ ಚೆನ್ನಾಗಿಯೇ ಇದ್ದ ಗುಲ್‌ಮೊಹರ್ ಒಂದು ಅಡ್ಡಮಳೆಗೆ ಬುಡಮೇಲಾದಾಗ "ಗಾಳಿ ಜೋರಿತ್ತು" ಅಂತ ಬರೆದು ಮುಗಿಸುತ್ತೇವೆ. ಇನ್ನು ಬೇರು ಆಳಕ್ಕೇ ಹೋಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ತಾಯಿಬೇರಿನ ಮಾತು ಬಿಟ್ಟರೆ, ನೀರು-ಗೊಬ್ಬರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ನೆರಳು ಬೀಳುವ ಜಾಗವನ್ನೂ ದಾಟಿ ಹರಡಿರುತ್ತವೆ. ಯುಜಿಡಿ (ಒಳಚರಂಡಿ) ಪೈಪಿಗೆ, ಕೇಬಲ್‌ಗೆ, ಚರಂಡಿಗೆ ಅಂತ ಜೆಸಿಬಿ ಅಗೆಯುವುದು ಆ ಎರಡು ಅಡಿಯನ್ನೇ. ಆಮೇಲೆ ಕಾಂಡದ ತನಕ ಸಿಮೆಂಟ್ ಹಾಕಿ ಟೈಲ್ಸ್ ಜೋಡಿಸುತ್ತೇವೆ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಮಾಡಿತು. ಬಳ್ಳಾರಿಯ ರಾಯಲ್ ವೃತ್ತದಿಂದ ಮೋತಿ ವೃತ್ತದ ತನಕ ಒಮ್ಮೆ ನಡೆದು ಬಂದರೆ ಆ ಪಾಠ ಇಲ್ಲಿಗೆ ಎಷ್ಟು ಮುಟ್ಟಿದೆ ಅಂತ ತಿಳಿಯುತ್ತದೆ.

ಕೇಳಲು ಯಾರೂ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಬೇವೇ ಸಾಕ್ಷಿ. 2021ರ ಮಳೆಗಾಲದ ಕೊನೆಯಲ್ಲಿ ತೆಲಂಗಾಣದಲ್ಲಿ, ಆಮೇಲೆ ನಮ್ಮ ಕಡೆಗೂ ಬೇವಿನ ಮರಗಳ ತುದಿ ಕಂದು ಬಣ್ಣಕ್ಕೆ ತಿರುಗಿ ಒಣಗಿದವು. ಉಗಾದಿಗೆ ಬೇವಿನ ಎಸಳು ಹುಡುಕಬೇಕಾಯಿತು ಅಂತ ಅಜ್ಜಿಯರು ಬೈದುಕೊಂಡರು. ಮೊಬೈಲ್ ಟವರ್ ಕಾರಣ ಅಂದವರು ಇದ್ದರು, ಗಾಳಿಯಲ್ಲಿ ವಿಷ ಅಂದವರು ಇದ್ದರು, ಮರವೇ ಸತ್ತಿತು ಅಂತ ಕಡಿಸಿ ಸೌದೆಗೆ ಹಾಕಿದವರೂ ಇದ್ದರು. ವಿಜ್ಞಾನಿಗಳು ಹೇಳಿದ್ದು ಇಷ್ಟು: ಫೋಮಾಪ್ಸಿಸ್ ಎಂಬ ಶಿಲೀಂಧ್ರ, ಅದರ ಜೊತೆಗೆ ಗೋಡಂಬಿ ಬೆಳೆಗಾರರು ಟೀ ಸೊಳ್ಳೆ ಅನ್ನುವ ಕೀಟ. ತುದಿ ಒಣಗುತ್ತದೆ, ಬಹಳಷ್ಟು ಮರಗಳು ಬೇಸಿಗೆಗೆ ಮತ್ತೆ ಚಿಗುರುತ್ತವೆ. ಹಾಗೆಯೇ ಆಯಿತು. ಕಡಿಸಿದವು ಮಾತ್ರ ಚಿಗುರಲಿಲ್ಲ. ಜೋಳಕ್ಕೆ ರೋಗ ಬಂದರೆ ರೈತ ಸಂಪರ್ಕ ಕೇಂದ್ರ ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ, ತಮ್ಮ ವಿಜ್ಞಾನಿಗಳ ನಂಬರ್ ಇದೆ. ಬೀದಿ ಮರಕ್ಕೆ ರೋಗ ಬಂದರೆ ಫೋನ್ ಮಾಡಲು ಒಂದು ನಂಬರ್ ಇಲ್ಲ.

ಈಗ ಅಪ್ಪ-ಅಮ್ಮಂದಿರ ಪ್ರಶ್ನೆಗೆ ಬರುತ್ತೇನೆ. "ಓದಿದ ಮ್ಯಾಲೆ ನೌಕರಿ ಏನ್ ಸಿಗತೈತ್ರಿ?" ಇದು ನ್ಯಾಯವಾದ ಪ್ರಶ್ನೆ. ಹುದ್ದೆ ಇಲ್ಲದ ಕೋರ್ಸ್ ಶುರು ಮಾಡಿ ಮಕ್ಕಳ ಕೈಗೆ ಇನ್ನೊಂದು ಕಾಗದ ಕೊಡುವುದಾದರೆ ಈ ಪತ್ರವನ್ನು ಪಕ್ಕಕ್ಕಿಡಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾಲ್ಕು ವರ್ಷ ಅರಣ್ಯಶಾಸ್ತ್ರ ಓದಿದ ಮಕ್ಕಳೇ ಅರಣ್ಯ ಇಲಾಖೆಯ ನೇಮಕಾತಿಯಲ್ಲಿ ತಮ್ಮ ಪಾಲಿಗಾಗಿ ತರಗತಿ ಬಿಟ್ಟು ಧರಣಿ ಕೂತದ್ದನ್ನು ನೋಡಿದ್ದೇವೆ. ಅದಕ್ಕೇ ಪ್ರತಿಯಲ್ಲಿ ಜಿಲ್ಲಾಧಿಕಾರಿಗಳ ಹೆಸರು ಹಾಕಿದ್ದೇನೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಬಂದದ್ದು 1976ರಲ್ಲಿ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು ಅನ್ನೋದಷ್ಟೇ ಜನಕ್ಕೆ ಗೊತ್ತು. ಆದರೆ ವೃಕ್ಷ ಪ್ರಾಧಿಕಾರ ಮರಗಳ ಎಣಿಕೆ ಮಾಡಬೇಕು, ಯಾವ ಪ್ರದೇಶದಲ್ಲಿ ಯಾವ ಜಾತಿಯ ಎಷ್ಟು ಮರ ಇರಬೇಕು ಅಂತ ಗೊತ್ತುಮಾಡಬೇಕು ಅಂತಲೂ ಅದರಲ್ಲಿದೆ. ಈ ಕೆಲಸ ಮಾಡುವವರು ಯಾರು? ವೃಕ್ಷಾಧಿಕಾರಿ ಅರಣ್ಯ ಇಲಾಖೆಯವರು. ಅವರಿಗೆ ಕಾಡು, ಕರಡಿ, ಚಿರತೆ, ಗಣಿ, ಬೆಂಕಿ ಎಲ್ಲ ಇದೆ. ಬೀದಿ ಮರ ಕೊನೆಯ ಸಾಲಿನ ಕೆಲಸ. ನಗರಸಭೆಯಲ್ಲಿ ಕಸಕ್ಕೆ ಆರೋಗ್ಯ ನಿರೀಕ್ಷಕರು ಇದ್ದಾರೆ, ರಸ್ತೆಗೆ ಎಂಜಿನಿಯರ್ ಇದ್ದಾರೆ. ಮರಕ್ಕೆ ಯಾರೂ ಇಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ, ಗಂಗಾವತಿ, ಸಿಂಧನೂರು, ಸಿರುಗುಪ್ಪ ಇಂಥ ಊರುಗಳಲ್ಲಿ ಮೊದಲು ಒಬ್ಬೊಬ್ಬ ಮರ ನಿರೀಕ್ಷಕರನ್ನು ಕೊಡಿ. ದೊಡ್ಡ ಊರಿಗೆ ಅವರ ಕೈಕೆಳಗೆ ಹಗ್ಗ ಕಟ್ಟಿ ಹತ್ತಬಲ್ಲ ಒಂದು ತಂಡ. ಗುತ್ತಿಗೆ ಮೇಲಾದರೂ ಸರಿ ಅಂತ ಬರೆಯಲು ಹೊರಟಿದ್ದೆ, ಬೇಡ. ಗುತ್ತಿಗೆ ಆದರೆ ಮರ ಗೊತ್ತಾಗುವಷ್ಟರಲ್ಲಿ ಮನುಷ್ಯ ಬದಲಾಗಿರುತ್ತಾನೆ. ಕಾಯಂ ಹುದ್ದೆಯೇ ಬೇಕು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಇರುವುದರಿಂದ ಆ ಹುದ್ದೆಗಳಲ್ಲಿ ದೊಡ್ಡ ಪಾಲು ನಮ್ಮ ಭಾಗದ ಮಕ್ಕಳಿಗೇ ಸಿಗುತ್ತದೆ.

ಸರ್ಕಾರಿ ಹುದ್ದೆ ಒಂದೇ ಅಲ್ಲ. ದೊಡ್ಡ ಕಾರ್ಖಾನೆಗಳ ಪರಿಸರ ಅನುಮತಿಯಲ್ಲಿ ಜಾಗದ ಒಂದು ಪಾಲು ಹಸಿರು ಪಟ್ಟಿ ಇರಬೇಕು ಅನ್ನೋ ಷರತ್ತು ಸಾಮಾನ್ಯ. ತೋರಣಗಲ್ಲಿನಿಂದ ಕುಡಿತಿನಿ, ಗಿಣಿಗೇರಾ ತನಕ ಚಿಮಣಿಗಳನ್ನು ಎಣಿಸಿಕೊಂಡು ಹೋದರೆ ಆ ಪಟ್ಟಿ ಎಷ್ಟಾಗಬೇಕು ನೋಡಿ. ಗಣಿಗಳಲ್ಲಿ ಪುನಶ್ಚೇತನದ ಕೆಲಸ ಬೇರೆ ಇದೆ. ಸ್ಪಾಂಜ್ ಐರನ್ ಕಾರ್ಖಾನೆಯ ಕಪ್ಪು ಬೂದಿ ಎಲೆಯ ಮೇಲೆ ಕೂತರೆ ಯಾವ ಮರ ತಡೆಯುತ್ತದೆ, ಯಾವುದು ಸೊರಗುತ್ತದೆ ಅಂತ ನೋಡಿ ಹೇಳಬಲ್ಲ ಮನುಷ್ಯ ಇಲ್ಲಿ ಬೇಕೇ ಬೇಕು. ಆಸ್ಪತ್ರೆ, ರೈಲ್ವೆ, ಶಾಲೆ-ಕಾಲೇಜಿನ ಆವರಣ, ಹೊಸ ಲೇಔಟ್, ಇವೆಲ್ಲಕ್ಕೂ ಈಗ ಕರೆಸುವುದು ಮರ ಕಡಿಯುವವರನ್ನು. ನೋಡಿ ಹೇಳುವವರು ಸಿಕ್ಕರೆ ಅವರನ್ನೂ ಕರೆಸುತ್ತಾರೆ.

ದುಡ್ಡಿನ ಮಾತು ಉದ್ದ ಮಾಡುವುದಿಲ್ಲ. 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬಳ್ಳಾರಿಯಲ್ಲಿ ಚೆನ್ನಾಗಿಯೇ ಇದೆ. ಅದನ್ನು ಯಾವುದಕ್ಕೆ ಬಳಸಬಹುದು ಅನ್ನೋ ಪಟ್ಟಿಯಲ್ಲಿ ಶಿಕ್ಷಣ, ಕೌಶಲ, ಪರಿಸರ ಮೂರೂ ಇವೆ. ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಇದೆ. ಒಂದು ಕಮಾನು ಕಟ್ಟುವ ದುಡ್ಡಿನಲ್ಲಿ ಈ ಕೋರ್ಸ್ ಕೆಲವು ವರ್ಷ ನಡೆಯುತ್ತದೆ ಅನ್ನೋದು ನನ್ನ ಅಂದಾಜು. ಲೆಕ್ಕ ತಮ್ಮ ಕಚೇರಿಯವರೇ ಹಾಕಲಿ.

ಕುಲಪತಿಗಳೇ, ಮತ್ತೆ ತಮ್ಮ ಹತ್ತಿರ ಬರುತ್ತೇನೆ. ನಾಲ್ಕು ವರ್ಷದ ಹೊಸ ಪದವಿ ಕೇಳುತ್ತಿಲ್ಲ. ಹೊಸ ಕಾಲೇಜಂತೂ ಬೇಡವೇ ಬೇಡ. ಕಟ್ಟಡ ಮುಗಿಯುವಷ್ಟರಲ್ಲಿ ಈಗಿನ ಮಕ್ಕಳಿಗೆ ಮದುವೆಯಾಗಿರುತ್ತದೆ. ಕೇಳುತ್ತಿರುವುದು ಎರಡು. ಒಂದು, ಬಿಎಸ್ಸಿ ಕೃಷಿ ಓದುವವರಿಗೆ ಊರ ಮರಗಳ ಬಗ್ಗೆ ಒಂದು ಕೌಶಲ ಕೋರ್ಸ್. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಆರನೇ ಡೀನ್‌ಗಳ ಸಮಿತಿ ಪದವಿಯೊಳಗೆ ಕೌಶಲ ಕೋರ್ಸುಗಳಿಗೆ ಜಾಗ ಮಾಡಿದೆ, ಆ ಜಾಗದಲ್ಲಿ ಇದನ್ನು ಸೇರಿಸಬಹುದು. ಮುನಿರಾಬಾದಿನ ತೋಟಗಾರಿಕೆಯವರನ್ನೂ ಜೊತೆಗೆ ಕರೆದುಕೊಂಡರೆ ಒಳ್ಳೆಯದು. ವಿ.ವಿ. ಬೇರೆ ಬೇರೆ ಅನ್ನೋದು ಮರಕ್ಕೆ ಗೊತ್ತಿಲ್ಲ. ಎರಡು, ನನಗೆ ಇದೇ ಹೆಚ್ಚು ಮುಖ್ಯ, ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿ ಮುಗಿಸಿದವರಿಗೆ ಕನ್ನಡದಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್.

ಆ ಒಂದು ವರ್ಷ ಮರದ ವರ್ಷದಂತೆಯೇ ನಡೆಯಲಿ, ಸೆಮಿಸ್ಟರ್‌ನಂತೆ ಅಲ್ಲ. ಜೂನ್-ಜುಲೈನಲ್ಲಿ ಸಸಿ ಆಯುವುದು, ಬೇರು ನೋಡುವುದು, ಎರೆಗೆ ಬೇರೆ ಮಸಾರಿಗೆ ಬೇರೆ ಗುಂಡಿ ತೋಡುವುದು. ಮಳೆ ನಿಂತ ಮೇಲೆ ಒಂದು ವಾರ್ಡ್ ಹಿಡಿದು ಮರ ಎಣಿಸುವುದು, ಜಾತಿ, ಸುತ್ತಳತೆ, ಟೊಳ್ಳು, ವಾಲಿಕೆ ಎಲ್ಲ ಬರೆದು ಫೋನಿನಲ್ಲಿ ನಕ್ಷೆಗೆ ಹಾಕುವುದು. ಆ ಪಟ್ಟಿ ನಗರಸಭೆಗೆ ಪುಕ್ಕಟೆ ಸಿಗುತ್ತದೆ, ಅಧಿನಿಯಮ ಕೇಳುವ ಎಣಿಕೆಯೂ ಆಯಿತು. ಚಳಿಗಾಲದ ಒಣ ದಿನಗಳಲ್ಲಿ ಕೊಯ್ತ. ಹಗ್ಗ, ಗಂಟು, ಬೆಲ್ಟು, ಹೆಲ್ಮೆಟ್, 11 ಕೆ.ವಿ. ತಂತಿಯಿಂದ ಎಷ್ಟು ದೂರ ನಿಲ್ಲಬೇಕು, ಲೈನ್‌ಮನ್ ಲೈನ್ ಆಫ್ ಮಾಡಿದ್ದನ್ನು ಖಚಿತ ಮಾಡಿಕೊಳ್ಳದೆ ಮೇಲೆ ಹತ್ತಬಾರದು, ಇಂಥವು. ಬೇಸಿಗೆಯಲ್ಲಿ ನೀರು, ಮಲ್ಚಿಂಗ್ (ಬುಡಕ್ಕೆ ಹೊದಿಕೆ), ಎಳೆ ಗಿಡದ ಆರೈಕೆ. ಏಪ್ರಿಲ್-ಮೇ ಗಾಳಿಗೆ ಬಿದ್ದ ಮರ ತೆಗೆಯುವುದು. ಪರೀಕ್ಷೆ ಮರದ ಮೇಲೆ ನಡೆಯಲಿ, ಕಾಗದದ ಮೇಲೆ ಸ್ವಲ್ಪ ಸಾಕು.

ಮೊದಲ ಬ್ಯಾಚಿನ ಅರ್ಧ ಸೀಟು ಈಗ ಕೊಂಬೆ ಕಡಿಯುತ್ತಿರುವವರಿಗೇ ಇರಲಿ ಅನ್ನೋದು ನನ್ನ ಆಸೆ. ಚಪ್ಪಲಿ ಕಾಲಲ್ಲಿ ಮೂವತ್ತಡಿ ಹತ್ತುವ ಧೈರ್ಯ, ಯಾವ ಕೊಂಬೆ ಯಾವ ಕಡೆ ಬೀಳುತ್ತದೆ ಅನ್ನೋ ಅಂದಾಜು ಅವರಲ್ಲಿ ಈಗಾಗಲೇ ಇದೆ. ಅದನ್ನು ಯಾವ ಪ್ರೊಫೆಸರೂ ಕಲಿಸಲಾರರು. ಅವರಿಗೆ ಬೇಕಾದದ್ದು ಆ ಉಬ್ಬಿನ ಪಾಠ, ಒಂದು ಜೊತೆ ಬೂಟು, ಮತ್ತು ತರಗತಿಗೆ ಬಂದ ದಿನದ ಕೂಲಿ. ಕೂಲಿ ಕೊಡದಿದ್ದರೆ ಅವರು ಬರುವುದಿಲ್ಲ, ಬರಲಿ ಅಂತ ನಿರೀಕ್ಷಿಸುವುದೂ ತಪ್ಪು. ಮೊದಲೇ ಕಲಿತ ಕೌಶಲಕ್ಕೆ ಮಾನ್ಯತೆ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿ ಇದೆ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನನ್ನು ಈ ಬಗ್ಗೆ ಕೇಳುವವರಲ್ಲಿ ಹುಡುಗಿಯರೇ ಜಾಸ್ತಿ.

ಊರಿಗೆ ಎಷ್ಟು ಮರ ಬೇಕು ಅನ್ನೋದಕ್ಕೆ ಈಚೆಗೆ 3-30-300 ಅನ್ನೋ ಸೂತ್ರ ಓಡಾಡುತ್ತಿದೆ. ಡಚ್ ವಿದ್ವಾಂಸ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಹೇಳಿದ್ದು. ಪ್ರತಿ ಮನೆಯಿಂದ ಮೂರು ಮರ ಕಾಣಬೇಕು, ಬಡಾವಣೆಯ ಶೇ. 30 ಭಾಗಕ್ಕೆ ಮರದ ನೆರಳು ಬೇಕು, 300 ಮೀಟರ್ ಒಳಗೆ ಪಾರ್ಕ್ ಇರಬೇಕು. ನಮ್ಮ ಮಳೆಗೆ, ಕೌಲ್ ಬಜಾರ್‌ನಂಥ ಇಕ್ಕಟ್ಟಿನ ಓಣಿಗಳಿಗೆ ಆ 30 ಹೊಂದುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಮೂರು ಮರ ಕಾಣುವುದು ಮಾತ್ರ ಆಗದ ಮಾತಲ್ಲ. ಬಿಸಿಲಲ್ಲಿರುವ ನೆಲಕ್ಕಿಂತ ಮರದ ನೆರಳಿನ ನೆಲ 11ರಿಂದ 25 ಡಿಗ್ರಿ ತನಕ ತಂಪಿರಬಹುದು ಅಂತ ಅಮೆರಿಕದ ಪರಿಸರ ಸಂಸ್ಥೆ ಹೇಳುತ್ತದೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಮೇ ಮಧ್ಯಾಹ್ನ ತಳ್ಳುಗಾಡಿ ನಿಲ್ಲಿಸುವವನಿಗೆ ಈ ಲೆಕ್ಕ ಹೇಳಬೇಕಾಗಿಲ್ಲ.

ನೆಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಮಸ್ಕಿ, ಕೊಪ್ಪಳದ ಅಶೋಕನ ಶಾಸನಗಳ ನಡುವೆ ಬೆಳೆದವರು ನಾವು. ಸಾಲುಮರ ನೆಡಿಸಿದ ರಾಜ ಅಂತ ಮಕ್ಕಳಿಗೆ ಪಾಠ ಮಾಡುತ್ತೇವೆ. ಆ ಮರಗಳನ್ನು ಯಾರು ನೋಡಿಕೊಂಡರು ಅನ್ನೋದು ಯಾವ ಪಾಠದಲ್ಲೂ ಬರುವುದಿಲ್ಲ. 1980ರ ದಶಕದಲ್ಲಿ ಎಸ್.ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ಮರದ ವಿದ್ಯೆ ತಿಳಿದ ಒಬ್ಬ ಅಧಿಕಾರಿ ಊರಿನ ಕೆಲಸಕ್ಕೇ ನಿಂತರೆ ಏನಾಗುತ್ತದೆ ಅನ್ನೋದಕ್ಕೆ ದೂರ ಹುಡುಕಬೇಕಾಗಿಲ್ಲ.

ಇದನ್ನು ಓದುತ್ತಿರುವ ಪಿಯು ಮಕ್ಕಳಿಗೆ ಒಂದು ಮಾತು. ಈ ಕೋರ್ಸ್ ಬರುವ ತನಕ ಕಾಯಬೇಡಿ. ಅರಣ್ಯಶಾಸ್ತ್ರ ಸಿಕ್ಕರೆ ಹೋಗಿ. ಸಿಗದಿದ್ದರೆ ತೋಟಗಾರಿಕೆ ಎರಡನೇ ದರ್ಜೆಯ ಆಯ್ಕೆ ಅಲ್ಲ. ಕೊಯ್ತ, ಕಸಿ, ನರ್ಸರಿ, ರೋಗ-ಕೀಟ ಎಲ್ಲ ಅಲ್ಲಿ ಕೈಯಾರೆ ಕಲಿಯುತ್ತೀರಿ. ಸಸ್ಯಶಾಸ್ತ್ರ ಓದುವವರು ಮಣ್ಣು ಮತ್ತು ಕಾನೂನು ಎರಡನ್ನೂ ಹೊರಗಿನಿಂದ ಓದಿಕೊಳ್ಳಿ. ಎಲ್ಲಿ ಓದಿದರೂ ರಜೆಯಲ್ಲಿ ನಿಮ್ಮ ಓಣಿಯ ಮರಗಳ ಪಟ್ಟಿ ಮಾಡಿ, ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ಮುಂದೆ ಎಂಎಸ್ಸಿಗೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಗೆ ಹೋಗುವುದಾದರೆ ಆ ಪಟ್ಟಿಯೇ ನಿಮ್ಮ ಬಂಡವಾಳ. ಆದರೆ ಏಣಿ ಹತ್ತಿ ನೀವೇ ಕೊಂಬೆ ಕೊಯ್ಯಲು ಹೋಗಬೇಡಿ. ತಂತಿ ಇರುವ ಕಡೆಯಂತೂ ಬೇಡವೇ ಬೇಡ.

ಕುಲಪತಿಗಳೇ, ಲಿಂಗಸುಗೂರು ರಸ್ತೆಯ ತಮ್ಮ ಆವರಣದಲ್ಲೇ ಮರ ಇವೆ, ಎರೆ ಮಣ್ಣಿದೆ, ರೋಗಶಾಸ್ತ್ರ, ಕೀಟಶಾಸ್ತ್ರ, ಮಣ್ಣು ವಿಜ್ಞಾನ ಎಲ್ಲದಕ್ಕೂ ಜನ ಇದ್ದಾರೆ. ಹಗ್ಗದ ಕೆಲಸ ಕಲಿಸಲು ಮಾತ್ರ ಹೊರಗಿನಿಂದ ಒಬ್ಬರನ್ನು ಕರೆಸಬೇಕಾಗಬಹುದು. ಈ ವಿಷಯ ತಮ್ಮ ಮುಂದಿನ ಶೈಕ್ಷಣಿಕ ಪರಿಷತ್ತಿನ ಸಭೆಗೆ ಬರಲಿ. ಅದೇ ಹೊತ್ತಿಗೆ ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳು ಹುದ್ದೆಯ ಪ್ರಸ್ತಾವವನ್ನು ಸರ್ಕಾರಕ್ಕೆ ಕಳಿಸಲಿ. ಎರಡರಲ್ಲಿ ಒಂದು ಮಾತ್ರ ಆಗುವುದಾದರೆ ಮೊದಲು ಹುದ್ದೆ ಆಗಲಿ. ಪಠ್ಯಕ್ರಮದ ಕರಡು ಬರೆಯಲು ಕನ್ನಡ ಗೊತ್ತಿರುವ ಶಿಕ್ಷಕರು ಬೇಕಾದರೆ ನಾನು ಬರುತ್ತೇನೆ, ಇನ್ನೂ ಕೆಲವರನ್ನು ಕರೆತರುತ್ತೇನೆ. ಭತ್ಯೆ ಬೇಡ, ಬಸ್ ಚಾರ್ಜು ನಾವೇ ಹಾಕಿಕೊಳ್ಳುತ್ತೇವೆ. ಪ್ರಾಯೋಗಿಕ ತರಗತಿಗೆ ನಮ್ಮ ಕಾಲೇಜಿನ ಆವರಣವನ್ನೂ ಬಳಸಿಕೊಳ್ಳಬಹುದು. ಗೇಟಿನ ಎಡಗಡೆ ಒಂದು ಬೇವಿದೆ, ರಸ್ತೆ ಕಡೆಗೆ ಚಾಚಿದ ಕೊಂಬೆಯ ಬುಡದಲ್ಲಿ ಬಿರುಕು ಕಾಣುತ್ತದೆ. ಮುಂದಿನ ಮಳೆಗಾಲದ ಒಳಗೆ ಅದನ್ನು ಯಾರಾದರೂ ತಿಳಿದವರು ನೋಡಬೇಕು.

ಇಂತಿ ತಮ್ಮ ವಿಶ್ವಾಸಿ,
ಜೀವಶಾಸ್ತ್ರ ಉಪನ್ಯಾಸಕಿ, ಬಳ್ಳಾರಿ